ಹೂವೇರಿಸಿದ ಜ್ಯಾಕ್

ಧಾರವಾಡದ ಮಾಳಮಡ್ಡಿಯ ರಸ್ತೆಯಲ್ಲಿ ಮೋಟಾರು ಹೊರಟರೆ ಅದರ ಹಿಂದೆ ಹುಡುಗರು ಓಡುವುದು ಆ ಕಾಲಕ್ಕೆ ಹೊಸದಲ್ಲ. ಆದರೆ ಪಂಢರಿನಾಥರಾವ್ ವಕೀಲರ ಮೋಟಾರಿನ ಹಿಂದೆ ಓಡುತ್ತಿದ್ದವನು ಹುಡುಗನಲ್ಲ, ನಲವತ್ತು ದಾಟಿದ ಗಂಡಸು. ಹೆಸರು ಹುಚ್ಚಪ್ಪ. ಮೈಮೇಲೆ ತೇಪೆ ಹಾಕಿದ ಖಾಕಿ ಕೋಟು, ಬರಿಗಾಲು, ಓಡುತ್ತಲೇ ತಲೆ ವಾಲಿಸಿ ಯಾವುದನ್ನೋ ಆಲಿಸುತ್ತಿದ್ದ. ಮೋಟಾರು ರಿಪೇರಿ ಮಾಡಿದವನು ಅವನೇ. ರಿಪೇರಿ ಸರಿಹೋಯಿತೋ ಇಲ್ಲವೋ ತಿಳಿಯಬೇಕಾದರೆ ಅದನ್ನು ನಡೆಸಿ ನೋಡಬೇಕು. ಊರ ಹೊರಗಿನ ಕೇರಿಯವನು ವಕೀಲರ ಮೋಟಾರಿನ ಗಾದಿಯ ಮೇಲೆ ಕೂಡುವುದುಂಟೆ? ಅದಕ್ಕೇ ವಕೀಲರ ತಮ್ಮ ದತ್ತು ಒಳಗೆ ಕೂತು ನಡೆಸುತ್ತಿದ್ದ, ಇವನು ಹಿಂದೆ ಓಡುತ್ತ ಸಪ್ಪಳ ಕೇಳುತ್ತಿದ್ದ. ರೇಲ್ವೆ ಗೇಟಿನ ಹತ್ತಿರ ಮೋಟಾರು ನಿಂತರೆ ಏದುಸಿರು ಬಿಡುತ್ತ ಬಂದು, ಎಡಗಡೆಯ ಹಿಂದಿನ ಸ್ಪ್ರಿಂಗು ಇನ್ನೂ ಸಡಿಲಿದೆ ಎಂದು ಹೇಳುತ್ತಿದ್ದ. ಒಮ್ಮೆಯೂ ಅವನ ಕಿವಿ ತಪ್ಪಲಿಲ್ಲ. ನೋಡಿದವರು ನಕ್ಕರು, ಒಂಬತ್ತು ವರ್ಷ ನಕ್ಕರು.

ಇವನಿಗೆ ಮೋಟಾರು ನಡೆಸಲು ಬರುತ್ತಿರಲಿಲ್ಲವೆಂದು ತಿಳಿಯಬೇಡಿ. ಮೊದಲನೇ ಮಹಾಯುದ್ಧದಲ್ಲಿ ಕೂಲಿಪಡೆಗೆ ಸೇರಿ ಸಮುದ್ರದಾಚೆಯ ಬಸ್ರಾಕ್ಕೆ ಹೋದವನು. ಮರಳಿನಲ್ಲಿ ಹೂತ ಲಾರಿಗಳನ್ನು ಎತ್ತುವುದೇ ಅಲ್ಲಿ ಅವನ ಕೆಲಸ. ಒಂದು ದಿನ ಲಾರಿಯ ಡ್ರೈವರು ಜ್ವರ ಬಂದು ಮಲಗಿದ. ಗೋರಾ ಸಾರ್ಜಂಟು ಹುಚ್ಚಪ್ಪನ ಕುತ್ತಿಗೆ ಹಿಡಿದು ಗಾದಿಯ ಮೇಲೆ ಕೂರಿಸಿ, ನಡೆಸು ಎಂದ. ನಡೆಸಿದ. ಮೂರು ತಿಂಗಳು ನಡೆಸಿದ. ನಿನ್ನದು ಯಾವ ಜಾತಿ ಎಂದು ಆ ಮರಳುಗಾಡಿನಲ್ಲಿ ಯಾರೂ ಕೇಳಲಿಲ್ಲ. ಊರಿಗೆ ಮರಳಿ ಗುಡ್ಡವ್ವನನ್ನು ಮದುವೆಯಾದ ಮೇಲೆ ಅವಳಿಗೆ ಬಸ್ರಾದ ಕತೆ ಹೇಳುವಾಗಲೆಲ್ಲ ಅವನ ಎರಡೂ ಕೈ ತಾವಾಗಿಯೇ ಗಾಳಿಯಲ್ಲಿ ಸ್ಟೇರಿಂಗು ಹಿಡಿಯುತ್ತಿದ್ದವು.

ಅವನ ಆಸೆ ಒಂದೇ, ಲೈಸನ್ಸು. ಹುಬ್ಬಳ್ಳಿಯ ಗಣೇಶಪೇಟೆಯ ಬಸ್ಸಿನ ಮಾಲಕರೊಬ್ಬರು ಇವನ ಕೆಲಸ ನೋಡಿ ಬಾಯಿಬಿಟ್ಟು ಹೇಳಿದ್ದರು: ಲೈಸನ್ಸು ಮಾಡಿಸಿಕೊಂಡು ಬಾ, ಹುಬ್ಬಳ್ಳಿ-ಧಾರವಾಡದ ಬಸ್ಸು ನಿನ್ನ ಕೈಗೆ ಕೊಡುತ್ತೇನೆ. ಆದರೆ ಲೈಸನ್ಸಿಗೆ ಅರ್ಜಿ ಹಾಕಬೇಕಾದರೆ ಇವನು ಒಳ್ಳೆಯ ನಡತೆಯವನು, ಮೋಟಾರು ಬಲ್ಲವನು ಎಂದು ಊರ ದೊಡ್ಡ ಮನುಷ್ಯರೊಬ್ಬರು ಕಾಗದ ಬರೆದುಕೊಡಬೇಕು. ಇವನಿಗೆ ಗೊತ್ತಿದ್ದ ದೊಡ್ಡ ಮನುಷ್ಯರು ಪಂಢರಿನಾಥರಾಯರೊಬ್ಬರೇ. ಕೇಳಿದಾಗಲೆಲ್ಲ ರಾಯರು ಇಲ್ಲ ಅನ್ನುತ್ತಿರಲಿಲ್ಲ. ಬರೀತೇನಿ, ದಸರಾ ಆಗಲಿ ಅನ್ನುತ್ತಿದ್ದರು. ಹಾಗೆ ನಾಲ್ಕು ದಸರಾ ಆದವು. ರಾಯರೇನು ದಡ್ಡರೆ? ಕಾಗದ ಕೊಟ್ಟ ಮರುದಿನ ಇವನು ಬಸ್ಸಿನ ಮೇಲಿರುತ್ತಾನೆ, ತಮ್ಮ ಮೋಟಾರಿನ ಕೆಳಗೆ ಮಲಗುವವರು ಯಾರು?

ಆ ಮೋಟಾರು ನಿಲ್ಲುತ್ತಿದ್ದುದು ಹಿತ್ತಲಿನ ಟಾಂಗಾ ಶೆಡ್ಡಿನಲ್ಲಿ. ಟಾಂಗಾ ಹೋಗಿ, ಕುದುರೆ ಸತ್ತು, ಮೋಟಾರು ಬಂದರೂ ನೆಲ ಮಾತ್ರ ಹಳೆಯ ಮಣ್ಣಿನ ನೆಲವೇ; ಕುದುರೆ ಕಾಲು ಬಡಿದು ಮಾಡಿದ ಕುಳಿಗಳು ಹಾಗೇ ಇದ್ದವು. ಹುಚ್ಚಪ್ಪ ಹಿಂದಿನ ಓಣಿಯಿಂದ ಒಳಗೆ ಬರಬೇಕು, ಮೋಟಾರಿನ ಕೆಳಗೆ ನುಸುಳಬೇಕು, ಕೆಲಸ ಮುಗಿಸಿ ಅದೇ ಓಣಿಯಿಂದ ಹೋಗಬೇಕು. ಕೆಳಗಿನ ಕಬ್ಬಿಣವನ್ನು ಎಷ್ಟು ಬೇಕಾದರೂ ಮುಟ್ಟಬಹುದು, ಮೇಲಿನ ಗಾದಿಯನ್ನು ಮಾತ್ರ ಮುಟ್ಟಕೂಡದು. ರಾಯರ ತಾಯಿ ತಾರಾಬಾಯಿ ಹಾಕಿದ ಕಟ್ಟಳೆ ಅದು. ವಕೀಲರ ಕಾಯದೆ ಪುಸ್ತಕಗಳೆಲ್ಲ ಅದರ ಮುಂದೆ ಸುಮ್ಮನಿರುತ್ತಿದ್ದವು.

ಒಂದು ಬೇಸಿಗೆಯಲ್ಲಿ ರಾಯರಿಗೆ ಹೊಸ ಜ್ಯಾಕ್ ಕೊಳ್ಳುವ ಹುಕಿ ಬಂತು. ಅಲ್ಲಿಯವರೆಗೆ ಮೋಟಾರು ಎತ್ತಬೇಕಾದರೆ ಟಾಂಗಾದ ಮೂಕಿಮರವನ್ನು ಸನ್ನೆಗೋಲಾಗಿ ಹಚ್ಚಿ ನಾಲ್ಕು ಜನ ಜಗ್ಗುತ್ತಿದ್ದರು. ಮುಂಬಯಿಯಿಂದ ಚಿತ್ರಗಳಿದ್ದ ಪುಸ್ತಕ ಬಂತು. ರಾಯರು ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು, ಅಂಗಳದಾಚೆ ನಿಂತ ಹುಚ್ಚಪ್ಪನಿಗೆ ಆ ಪುಸ್ತಕವನ್ನು ಎತ್ತಿ ಹಿಡಿದು ತೋರಿಸಿದರು. ಅಷ್ಟು ದೂರದಿಂದ ಅವನಿಗೆ ಕಂಡಷ್ಟು ಕಂಡಿತು. ಒಂದು ತಿರುಪು ಸುತ್ತಿ ಏರಿಸುವ ಜ್ಯಾಕ್, ಇನ್ನೊಂದು ಒಳಗೆ ಎಣ್ಣೆ ತುಂಬಿದ್ದು. ಹಿಡಿಕೆ ಒತ್ತಿದರೆ ಎಣ್ಣೆಯ ಬಲದಿಂದ ಮೇಲೇಳುವಂಥದು.

"ತಿರುಪಿಂದು ತರಸ್ರಿ ರಾಯರ," ಅಂದ ಹುಚ್ಚಪ್ಪ. "ನಿಧಾನ ಏರತೈತಿ, ಆದ್ರ ತಾನಾಗಿ ಇಳಿಯಂಗಿಲ್ಲ. ಎಣ್ಣೀದು ಲಗೂ ಎತ್ತತೈತಿ, ಆದ್ರ ಎತ್ತಿದ್ದನ್ನ ಹಿಡಿದು ನಿಂದ್ರಂಗಿಲ್ಲ. ತಾಸೆರಡು ತಾಸಿಗೆ ಕುಸೀತೈತಿ. ಮತ್ತ ಯಾವುದ ತಂದ್ರೂ ತಳ ಅಗಲ ಇರಲಿ ರೀ, ನಮ್ಮದು ಮಣ್ಣಿನ ನೆಲ."

ರಾಯರು ತಲೆಯಾಡಿಸಿದರು, ಎಣ್ಣೆಯದನ್ನೇ ತರಿಸಿದರು. ಕಾರಣ ದತ್ತು. ದತ್ತು ಹಾರ್ಮೋನಿಯಂ ಕಲಿಯುತ್ತಿದ್ದ, ಊರಿನ ಗಾಯನದ ಬೈಠಕುಗಳಲ್ಲಿ ಸಾಥಿಗೆ ಕೂಡುತ್ತಿದ್ದ. ಅಂಥವನು ತಿರುಪು ಸುತ್ತಿ ಬೆರಳು ಕೆಡಿಸಿಕೊಳ್ಳುವುದೆ? ಎಣ್ಣೆಯ ಜ್ಯಾಕಿಗೆ ಎರಡು ಬೆರಳು ಸಾಕು. ದತ್ತು ಹೊರಗೆ ನಿಂತು ಒತ್ತಿದರೆ ಹುಚ್ಚಪ್ಪ ಒಳಗೆ ನುಸುಳಿದರಾಯಿತು. ಹುಚ್ಚಪ್ಪ ಮುಂದಿನ ಅಮಾವಾಸ್ಯೆಗೆ ತನ್ನ ಹುಟ್ಟೂರು ಅಮ್ಮಿನಬಾವಿಗೆ ಹೋಗಿ, ಒಣಗಿದ ಜಾಲಿಮರದ ದಿಮ್ಮಿಗಳನ್ನು ಹೊತ್ತು ತಂದ. ಅಂದಿನಿಂದ ಅವನ ರೂಢಿ ಅದು: ಜ್ಯಾಕಿನಿಂದ ಎತ್ತಬೇಕು, ಅಚ್ಚಿನ ಕೆಳಗೆ ದಿಮ್ಮಿ ಇಡಬೇಕು, ಭಾರವನ್ನೆಲ್ಲ ದಿಮ್ಮಿಯ ಮೇಲೆ ಇಳಿಸಿ ಆಮೇಲೆ ಕೆಳಗೆ ಹೋಗಬೇಕು. ಅವನಿಗೆ ಇಷ್ಟೊಂದು ಜೀವದ ಹೆದರಿಕೆಯೇ ಎಂದು ದತ್ತು ಬಂದವರ ಮುಂದೆಲ್ಲ ಆಡಿಕೊಂಡು ನಗುತ್ತಿದ್ದ. ಹುಚ್ಚಪ್ಪ ದಿಮ್ಮಿ ಇಡುವುದನ್ನು ಮಾತ್ರ ಬಿಡಲಿಲ್ಲ.

ಆ ವರ್ಷದ ನವರಾತ್ರಿಯ ಅಷ್ಟಮಿ. ರಾಯರು ಹಿತ್ತಲ ಬಾಗಿಲಿಗೆ ತಾವೇ ಬಂದು ನಿಂತರು. ನಾಳೆ ಖಂಡೇನವಮಿಯ ಆಯುಧಪೂಜೆ, ಕೋರ್ಟಿನ ದೊಡ್ಡ ಮಂದಿ ಪೂಜೆಗೆ ಬರುವವರಿದ್ದಾರೆ, ಮೋಟಾರಿನ ಗಾಲಿ ಗಾಲಿ ಬಿಚ್ಚಿ ತೊಳೆದು ಫಳಫಳ ಹೊಳೆಯುವಂತೆ ಮಾಡಬೇಕು ಅಂದರು. ಹುಚ್ಚಪ್ಪ ಹೂಂ ಅಂದು, ಹೋಗದೆ ಅಲ್ಲೇ ನಿಂತ. ಅವನು ಯಾಕೆ ನಿಂತಿದ್ದಾನೆಂದು ರಾಯರಿಗೆ ಗೊತ್ತಿತ್ತು.

"ನಾಳೆ ಪೂಜಿ ಮುಗದ ಮ್ಯಾಲೆ ಬಾ," ಅಂದರು. "ಖರೇನ ಹೇಳಾಕತ್ತೇನಿ. ಬರದು ಸಹಿ ಮಾಡಿ ಕೊಡ್ತೇನಿ."

ಖರೇನ ಅನ್ನುವ ಮಾತು ಹಿಂದಿನ ನಾಲ್ಕು ವರ್ಷ ಬಂದಿರಲಿಲ್ಲ. ಹುಚ್ಚಪ್ಪ ಮನೆಗೆ ಹೋಗಿ ಗುಡ್ಡವ್ವನಿಗೆ ಹೇಳಿದ. ಅವಳು ಖಾಕಿ ಕೋಟನ್ನು ತೊಳೆದು ಹಾಕಿದಳು. ಲೈಸನ್ಸಿನ ಕಚೇರಿಗೆ ಹೋಗುವಾಗ ಅದು ಶುಭ್ರವಾಗಿರಬೇಕಲ್ಲ.

ನವಮಿಯ ದಿನ ಬೆಳಗು ಹರಿಯುತ್ತಲೇ ಅವನು ಕೆಲಸಕ್ಕೆ ಹತ್ತಿದ. ಮೂರು ಗಾಲಿ ತೊಳೆದು ಹಾಕಿ ನೆಲಕ್ಕೆ ಇಳಿಸಿಯೂ ಆಯಿತು. ನಾಲ್ಕನೆಯದು, ಮುಂದಿನ ಬಲಗಡೆಯ ಗಾಲಿ. ಅದನ್ನೂ ತೊಡಿಸಿ ನಟ್ಟು ಬಿಗಿದ. ಅಚ್ಚು ಇನ್ನೂ ಒಂದರ ಮೇಲೊಂದಿಟ್ಟ ಎರಡು ದಿಮ್ಮಿಗಳ ಮೇಲೆ ಕೂತಿತ್ತು, ಗಾಲಿ ನೆಲದಿಂದ ನಾಲ್ಕು ಬೆರಳು ಮೇಲಿತ್ತು. ಇನ್ನು ಜ್ಯಾಕ್ ಒತ್ತಿ ಒಂದಿಷ್ಟು ಎತ್ತಬೇಕು, ದಿಮ್ಮಿ ಎಳೆಯಬೇಕು, ಇಳಿಸಬೇಕು. ಒಂದು ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನ ಕೆಲಸ. ಬಾಯಾರಿಕೆಯಾಗಿತ್ತು. ಮೊದಲು ನೀರು ಕುಡಿದು ಬರೋಣವೆಂದು ಹಿತ್ತಲ ಬಾಗಿಲಿಗೆ ಹೋದ.

ಅವನಿಗೆ ನೀರು ಕುಡಿಯುವುದೆಂದರೆ ಕಾಯುವುದು. ಅಡಿಗೆಯ ಏಕನಾಥ ಬಿಡುವು ಮಾಡಿಕೊಂಡು ಬರಬೇಕು, ಮೇಲಿನ ಮೆಟ್ಟಿಲ ಮೇಲೆ ನಿಂತು ತಂಬಿಗೆಯಿಂದ ಸುರಿಯಬೇಕು, ಇವನು ಕೆಳಗೆ ಕೂತು ಬೊಗಸೆಯೊಡ್ಡಬೇಕು. ಅಂದು ಏಕನಾಥ ಹೋಳಿಗೆ ಬೇಯಿಸುತ್ತಿದ್ದ, ಬರಲು ಅರ್ಧ ತಾಸಾಯಿತು. ಅಷ್ಟರಲ್ಲಿ ಮನೆಯ ಕಬ್ಬಿಣವನ್ನೆಲ್ಲ ಪೂಜೆಗೆ ಜೋಡಿಸಲು ತಾರಾಬಾಯಿ ದತ್ತುವಿಗೆ ಹೇಳಿದ್ದರು. ಕೊಡಲಿ, ಹಾರೆ, ಈಳಿಗೆ, ಅಡಕೊತ್ತು, ನಟ್ಟು ಬಿಗಿಯುವ ಪಾನಾಗಳು ಎಲ್ಲ ಪಡಸಾಲೆಗೆ ಹೋದವು. ದತ್ತು ಶೆಡ್ಡಿಗೆ ಬಂದು ಜ್ಯಾಕನ್ನೂ ಎತ್ತಿಕೊಂಡು ಹೋದ. ಮನೆಯಲ್ಲಿ ಎಲ್ಲಕ್ಕಿಂತ ಹೊಸದು, ಎಲ್ಲಕ್ಕಿಂತ ತುಟ್ಟಿಯದು ಅದೇ ಅಲ್ಲವೆ? ಬಂದವರ ಕಣ್ಣಿಗೆ ಬೀಳಲೆಂದು ಸಾಲಿನ ನಟ್ಟನಡುವೆ ಇಟ್ಟರು. ಕುಂಕುಮ ಹಚ್ಚಿದರು, ಚೆಂಡುಹೂವಿನ ಮಾಲೆ ಹಾಕಿದರು.

ಹುಚ್ಚಪ್ಪ ಮರಳಿ ಬಂದು ನೋಡಿದರೆ ಜ್ಯಾಕ್ ಇಲ್ಲ. ದಿಮ್ಮಿ ಭಾರ ಹೊತ್ತುಕೊಂಡಿದ್ದರಿಂದ ಅವನಿಗೆ ಗಾಬರಿಯಾಗಲಿಲ್ಲ. ಹೊರಗೆ ನಿಂತು ಜ್ಯಾಕ್ ಬೇಕೆಂದು ಕೇಳಿದ. ತಾರಾಬಾಯಿ ಒಳಗಿನಿಂದಲೇ ಹೇಳಿದರು, "ಹೂವು ಏರಿಸಿ ಆಗ್ಯದ. ನಾಳೆತನಕ ಎತ್ತಂಗಿಲ್ಲ."

ಖಂಡೇನವಮಿಗೆ ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಕದಲಿಸಬಾರದು ಎಂಬುದು ಹುಚ್ಚಪ್ಪನಿಗೂ ಗೊತ್ತಿದ್ದ ಮಾತೇ. ಹಾಗಾದರೆ ಮೋಟಾರು ಹೀಗೇ ಇರಲಿ, ನಾಳೆ ಇಳಿಸುತ್ತೇನೆ ಅಂದ. ಅದಾಗುವಂತಿರಲಿಲ್ಲ. ಆರತಿ ಮುಗಿದ ಮೇಲೆ ರಾಯರು ತಾಟು ಹಿಡಿದು ದೊಡ್ಡ ಮಂದಿಯನ್ನೆಲ್ಲ ಕರೆದುಕೊಂಡು ಶೆಡ್ಡಿಗೆ ಬರುವವರು. ಕಾಯಿ ಒಡೆಯಬೇಕು, ನಾಲ್ಕು ಗಾಲಿಗಳ ಕೆಳಗೆ ನಾಲ್ಕು ಲಿಂಬೆಹಣ್ಣು ಇಟ್ಟು ಮೋಟಾರು ಮುಂದೆ ಬಿಡಬೇಕು. ಗಾಲಿ ಗಾಳಿಯಲ್ಲಿ ತೇಲುತ್ತಿದ್ದರೆ ಲಿಂಬೆಹಣ್ಣು ಎಲ್ಲಿಡುವುದು?

ದತ್ತು ಏಕನಾಥನನ್ನು ಕರೆದುಕೊಂಡು ಬಂದ. ದತ್ತು ಮಡಿಯುಟ್ಟಿರಲಿಲ್ಲ, ಏಕನಾಥ ಅಡಿಗೆ ಮುಗಿಸಿ ಮಡಿ ಬಿಚ್ಚಿದ್ದ, ಅಷ್ಟಕ್ಕೇ ಈ ಕೆಲಸ ಅವರ ಪಾಲಿಗೆ ಬಂದಿತ್ತು. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಟಾಂಗಾದ ಮೂಕಿಯನ್ನು ಎಳೆದು ತಂದು, ಒಂದು ಚಪ್ಪಟೆ ಕಲ್ಲಿನ ಮೇಲಿಟ್ಟು, ತುದಿಯನ್ನು ಅಚ್ಚಿನ ಕೆಳಗೆ ತೂರಿಸಿದರು. ತಾವು ಈ ಕಡೆ ಜಗ್ಗುವುದು, ಅಚ್ಚು ಏಳುತ್ತಲೇ ಹುಚ್ಚಪ್ಪ ದಿಮ್ಮಿ ಎಳೆಯುವುದು. ಹುಚ್ಚಪ್ಪ ಮೂಕಿಯನ್ನು ನೋಡಿದ. ಗೆದ್ದಲು ತಿಂದಿತ್ತು.

"ಆರತಿ ಮುಗೀಲಿ ರೀ ದತ್ತಪ್ಪಾರ," ಅಂದ. "ಹೊರಗ ನಾಕು ಮಂದೀನ ಕರಸೂಣು, ಆಮ್ಯಾಲೆ ಎತ್ತೂಣು."

"ನಿನಗ ಆ ಕಾಗದ ಬೇಕೋ ಬ್ಯಾಡೋ?" ಅಂದ ದತ್ತು.

ಅಷ್ಟೇ ಮಾತು. ಒಂಬತ್ತು ವರ್ಷ ಜೀವದ ಮೇಲೆ ಎಚ್ಚರವಿದ್ದ ಮನುಷ್ಯ ಕೋಟಿನ ತೋಳು ಮಡಚಿ ಮೋಟಾರಿನ ಪಕ್ಕ ಮಲಗಿದ. ಅವರಿಬ್ಬರೂ ಮೂಕಿಗೆ ಜೋತುಬಿದ್ದರು. ಅಚ್ಚು ಕಿರ್ರೆಂದು ಎರಡು ಬೆರಳು ಎದ್ದಿತು. ಹುಚ್ಚಪ್ಪ ಬಲಗೈಯನ್ನು ಮೇಲಿನ ದಿಮ್ಮಿಯ ಮೇಲಿಟ್ಟು ತನ್ನ ಕಡೆಗೆ ಎಳೆದ. ದಿಮ್ಮಿ ಅರ್ಧ ಬಂತು.

ಆಗ ಪಡಸಾಲೆಯಲ್ಲಿ ಗಂಟೆ ಬಾರಿಸಿತು, ಜಾಗಟೆ ಬಾರಿಸಿತು, ಆರತಿ ಶುರುವಾಯಿತು. ಆರತಿಯ ಗಂಟೆ ಕಿವಿಗೆ ಬಿದ್ದರೆ ಆ ಮನೆಯವರ ಕೈಗಳು ತಾವಾಗಿಯೇ ಕೂಡುತ್ತಿದ್ದವು. ತೊಟ್ಟಿಲಿನಿಂದ ಬಂದ ಅಭ್ಯಾಸ. ನಿದ್ದೆಯಲ್ಲಿದ್ದರೂ ಕೈ ಮುಗಿಯುವವರು. ದತ್ತು ಕೈ ಮುಗಿದ. ಏಕನಾಥನೂ ಕೈ ಮುಗಿದ. ಮೂಕಿ ಯಾವಾಗ ಬಿಟ್ಟೆವೆಂದು ಆಮೇಲೆ ಎಷ್ಟು ಕೇಳಿದರೂ ಇಬ್ಬರಿಗೂ ನೆನಪಾಗಲಿಲ್ಲ. ನಾನು ಅವರ ಮಾತು ನಂಬುತ್ತೇನೆ. ಸಿಟ್ಟು ಬರುವುದೂ ಅದಕ್ಕೇ.

ಅಚ್ಚು ಹುಚ್ಚಪ್ಪನ ಮಣಿಕಟ್ಟಿನ ಮೇಲೆ ಕೂತಿತು. ಕೆಳಗೆ ಜಾಲಿಯ ದಿಮ್ಮಿ, ಮೇಲೆ ಮೋಟಾರು, ನಡುವೆ ಕೈ. ಅವನು ಒಮ್ಮೆ ಕೂಗಿದ. ಜಾಗಟೆಯಲ್ಲಿ ಅದು ಯಾರಿಗೂ ಕೇಳಲಿಲ್ಲ. ದತ್ತು, ಏಕನಾಥ ಹೌಹಾರಿ ಮತ್ತೆ ಮೂಕಿಯ ಮೇಲೆ ಬಿದ್ದರು. ಗೆದ್ದಲು ತಿಂದ ಮೂಕಿ ನಡುವೆ ಮುರಿಯಿತು. ಹಾರೆ ತರೋಣವೆಂದರೆ ಹಾರೆಯೂ ಪೂಜೆಯಲ್ಲಿ.

ದತ್ತು ಪಡಸಾಲೆಗೆ ಓಡಿ ಅಣ್ಣನಿಗೆ ಹೇಳಿದ. ರಾಯರ ಮುಖ ಕಪ್ಪಿಟ್ಟಿತು, ಆದರೆ ಆರತಿಯ ತಾಟು ಕೈಯಲ್ಲಿತ್ತು. ಹಿಡಿದ ಆರತಿಯನ್ನು ನಡುವೆ ಬಿಡುವಂತಿಲ್ಲ. ಕಣ್ಸನ್ನೆಯಿಂದಲೇ, ತಡಿ, ಕೇರಿಗೆ ಯಾರನ್ನಾದರೂ ಓಡಿಸು ಅಂದರು. ಏಕನಾಥ ಮುಂಬಾಗಿಲಿನಿಂದ ಓಡಿದ, ಕೇರಿ ಅರ್ಧ ಮೈಲು ದೂರ. ಮಡಿಯುಟ್ಟ ದೊಡ್ಡ ಮಂದಿ ಎಂಟು ಜನರಿದ್ದರು. ಎಂಟು ಜನ ಕೈ ಹಚ್ಚಿದ್ದರೆ ಆ ಮೋಟಾರು ಹೂವಿನಂತೆ ಏಳುತ್ತಿತ್ತು. ಒಬ್ಬರೂ ಕೆಳಗಿಳಿಯಲಿಲ್ಲ. ಆರತಿ ಆಯಿತು, ಮಂತ್ರಪುಷ್ಪವೂ ಶುರುವಾಯಿತು. ಹುಚ್ಚಪ್ಪ ಮಣ್ಣಿನ ಮೇಲೆ ಮಲಗಿ ಪ್ರತಿಯೊಂದು ಅಕ್ಷರವನ್ನೂ ಕೇಳಿದ.

ಗುಡ್ಡವ್ವ ಹಬ್ಬದ ಅನ್ನಕ್ಕೆ ಗಡಿಗೆ ಹಿಡಿದುಕೊಂಡು ಓಣಿಯಲ್ಲಿ ಕೂತಿದ್ದಳು. ಜಾಗಟೆ ನಿಂತ ಮೇಲೆ ಗಂಡ ತನ್ನ ಹೆಸರು ಹಿಡಿದು ಕರೆಯುವುದು ಅವಳಿಗೆ ಕೇಳಿತು. ಅವಳು ಆ ಶೆಡ್ಡಿನೊಳಗೆ ಎಂದೂ ಕಾಲಿಟ್ಟವಳಲ್ಲ. ಬಂದು ನೋಡಿ ಗೋಡೆ ಹಿಡಿದಳು.

"ಅಳಬ್ಯಾಡ," ಅಂದ ಹುಚ್ಚಪ್ಪ. "ಪಡಸಾಲ್ಯಾಗ ಜ್ಯಾಕ್ ಐತಿ. ಹೋಗಿ ತಾ."

ಅವಳು ಹೋದಳು. ಹಿತ್ತಲ ಬಾಗಿಲು, ಅಡಿಗೆಮನೆ, ನಡುಮನೆ, ಎಲ್ಲವನ್ನೂ ದಾಟಿ ಪಡಸಾಲೆಗೆ ಬಂದಳು. ಮೈ ತಾಗೀತೆಂದು ಎಲ್ಲರೂ ಗೋಡೆಗೆ ಒತ್ತಿಕೊಂಡರು, ಅವಳಿಗೆ ದಾರಿ ತಾನಾಗಿ ಆಯಿತು. ಮುಟ್ಟಬ್ಯಾಡ ಎಂದು ತಾರಾಬಾಯಿ ಚೀರಿದರು. ಗುಡ್ಡವ್ವ ಸಾಲಿನ ನಡುವೆ ಕೈ ಹಾಕಿ ಮಾಲೆಯ ಸಮೇತ ಜ್ಯಾಕ್ ಎತ್ತಿ, ಬಂದ ದಾರಿಯಲ್ಲೇ ಹಿಂದಿರುಗಿದಳು. ಅದಕ್ಕೊಂದು ಹಿಡಿಕೆ ಬೇರೆ ಇದೆಯೆಂದು ಅವಳಿಗೇನು ಗೊತ್ತು? ಮತ್ತೆ ಹೋಗಬೇಕಾಯಿತು. ಈ ಸಲ ದತ್ತು ನಡುಮನೆಯ ಬಾಗಿಲಲ್ಲಿ ಹಿಡಿಕೆ ಹಿಡಿದುಕೊಂಡೇ ನಿಂತಿದ್ದ. ಅವಳು ಕೈಚಾಚಿದಳು. ಅವನು ಅವಳ ಕೈಗೆ ಕೊಡಲಿಲ್ಲ, ದೂರದಿಂದ ಅವಳ ಕಾಲ ಬುಡಕ್ಕೆ ಎಸೆದ.

ಹುಚ್ಚಪ್ಪ ಬಸ್ರಾದಲ್ಲಿ ಹೊಸ ಕೂಲಿಗಳಿಗೆ ಹೇಳಿಕೊಡುತ್ತಿದ್ದಂತೆ ಒಂದೊಂದಾಗಿ ಹೇಳಿಕೊಟ್ಟ. ಕಲ್ಲನ್ನು ಇಲ್ಲಿ ಸರಿಸು, ಅದರ ಮೇಲೆ ಜ್ಯಾಕ್ ನಿಲ್ಲಿಸು. ಬುಡದಲ್ಲಿರುವ ತಿರುಪನ್ನು ಬಿಗಿ ಮಾಡು. ಈಗ ಹಿಡಿಕೆ ತೂರಿಸಿ ಒತ್ತು. ಅವಳು ಒತ್ತಿದಳು. ಓರೆಯಾಗಿ ಹೊತ್ತು ತಂದದ್ದರಿಂದ ಒಳಗೆ ಗಾಳಿ ಸೇರಿತ್ತು, ಹಿಡಿಕೆ ಸಡಿಲಾಗಿ ಮೇಲೆ ಕೆಳಗೆ ಆಡಿತು, ಜ್ಯಾಕ್ ಏಳಲಿಲ್ಲ. ಅವಳು ಅವನ ಮುಖ ನೋಡಿದಳು.

"ಬಿಡಬ್ಯಾಡ. ಮೊದಲಿಗೆ ಹಂಗ ಆಗತೈತಿ. ಒತ್ತು."

ಎಂಟೋ ಹತ್ತೋ ಸಲ ಒತ್ತಿದ ಮೇಲೆ ಹಿಡಿಕೆ ಗಟ್ಟಿಯಾಯಿತು. ಚೆಂಡುಹೂವು ಅಚ್ಚಿಗೆ ಸಿಕ್ಕು ನುರಿಯಿತು, ಮೋಟಾರು ಎದ್ದಿತು. ಹುಚ್ಚಪ್ಪ ಎಡಗೈಯಿಂದ ತನ್ನ ಬಲಗೈಯನ್ನು ಹಿಡಿದು ಹೊರಗೆ ತೆಗೆದ. ಅದನ್ನು ನೋಡಿ ಗುಡ್ಡವ್ವ ಸೆರಗು ಬಾಯಿಗಿಟ್ಟುಕೊಂಡಳು. ಅವನು ಮಾತ್ರ, "ದಿಮ್ಮಿ ಸರಿ ಮಾಡಿ ಇಡು, ಎಣ್ಣಿ ನಂಬಬ್ಯಾಡ," ಅಂದು ಪ್ರಜ್ಞೆ ತಪ್ಪಿದ.

ದವಾಖಾನೆ ಎರಡು ಮೈಲು. ನಾಲ್ಕೂ ಗಾಲಿ ತೊಳೆದ, ಪೂಜೆಗೆ ಸಿದ್ಧವಾದ ಮೋಟಾರು ಅಲ್ಲೇ ನಿಂತಿತ್ತು. ದಿಮ್ಮಿ ಎಳೆದು ಇಳಿಸಿದರೆ ಹತ್ತು ನಿಮಿಷದ ದಾರಿ. ಅದರ ಮಾತೇ ಯಾರೂ ಎತ್ತಲಿಲ್ಲ. ಹುಚ್ಚಪ್ಪನನ್ನು ಜೋಳದ ಕಣಿಕೆ ಹೇರುವ ಎತ್ತಿನ ಚಕ್ಕಡಿಯಲ್ಲಿ ಮಲಗಿಸಿ ಒಯ್ದರು. ಸಂಜೆಯ ಹೊತ್ತಿಗೆ ಡಾಕ್ಟರು ಮಣಿಕಟ್ಟಿನ ಮೇಲಕ್ಕೆ ಕೈ ಕತ್ತರಿಸಿದರು. ಮಾಳಮಡ್ಡಿಯಲ್ಲಿ ಅವತ್ತೇ ಸುದ್ದಿ ಹಬ್ಬಿತು: ಕೇರಿಯ ಹೆಂಗಸೊಬ್ಬಳು ವಕೀಲರ ಮನೆಗೆ ನುಗ್ಗಿ ಪೂಜೆ ಕೆಡಿಸಿದಳಂತೆ. ಕೈಯ ಸುದ್ದಿ ಅದರ ಜೊತೆ ಹೋಗಲಿಲ್ಲ.

ನಾಲ್ಕನೆಯ ದಿನ ದತ್ತು ದವಾಖಾನೆಗೆ ಬಂದ. ಮಂಚದಿಂದ ನಾಲ್ಕು ಹೆಜ್ಜೆ ದೂರ ನಿಂತ, ಒಂದು ಲಕೋಟೆಯನ್ನು ಹೊದಿಕೆಯ ಮೇಲೆ ಬೀಳುವಂತೆ ಎಸೆದ.

"ಅಣ್ಣಾ ಕಾಗದ ಬರದು ಕೊಟ್ಟಾನ," ಅಂದ. "ಜ್ಯಾಕ್ ಹೊರಗ ಪಾವಟಿಗಿ ಮ್ಯಾಲೆ ಇಟ್ಟೇನಿ. ಅವ್ವಗ ಅದು ಮನ್ಯಾಗ ಬ್ಯಾಡಂತ, ನೀವ ಇಟಗೋರಿ ಅಂದಾಳ."

ಇಷ್ಟು ವರ್ಷಗಳಲ್ಲಿ ಆ ಮನೆಯವರು ಹುಚ್ಚಪ್ಪನಿಗೆ ಬಹುವಚನ ಹಚ್ಚಿದ್ದು ಅದೊಂದೇ ಸಲ. ಅವನು ಲಕೋಟೆಯನ್ನು ಎಡಗೈಯಲ್ಲಿ ಹಿಡಿದು ಹಲ್ಲಿನಿಂದ ಹರಿದ. ಕೊನೆಗೂ ಬರೆದರಲ್ಲ ಎಂಬ ಒಂದು ಸಣ್ಣ ಸಮಾಧಾನ ಅವನಿಗೆ ಆದದ್ದು ಸುಳ್ಳಲ್ಲ. ಮನುಷ್ಯನ ಮನಸ್ಸು ಎಷ್ಟು ಬಡತನದ್ದು ನೋಡಿ. ಒಳಗಿದ್ದುದು ಇಂಗ್ಲಿಷು. ಗಾಯ ತೊಳೆಯಲು ಬಂದ ನರ್ಸ್ ಮೃಣಾಲಿನಿಬಾಯಿಯವರಿಗೆ ಅದನ್ನು ಕೊಟ್ಟು, ಓದಿ ಹೇಳಬೇಕೆಂದು ಕೇಳಿಕೊಂಡ.

ಆಕೆ ಓದಿ ಕನ್ನಡದಲ್ಲಿ ಹೇಳುತ್ತ ಹೋದರು. ಹುಚ್ಚಪ್ಪನೆಂಬ ಈತ ಒಂಬತ್ತು ವರ್ಷ ನನ್ನ ಮೋಟಾರು ನಡೆಸಿದ್ದಾನೆ. ನಡತೆ ಒಳ್ಳೆಯದು. ಕಣ್ಣು, ಎರಡೂ ಕೈ, ಎರಡೂ ಕಾಲು ಸದೃಢವಾಗಿವೆ. ನನ್ನ ಸೇವೆಯಲ್ಲಿರುವಾಗ ಯಾವ ಅಪಘಾತವೂ ಆಗಿಲ್ಲ. ಇಂದು ಸ್ವಂತ ಇಚ್ಛೆಯಿಂದ ನನ್ನ ಕೆಲಸ ಬಿಟ್ಟು ಹೋಗುತ್ತಿದ್ದಾನೆ, ನಾಳೆಯಿಂದ ಇವನಿಗೂ ನನ್ನ ಮನೆಗೂ ಸಂಬಂಧವಿಲ್ಲ. ಕೆಳಗೆ ಸಹಿ, ಸಹಿಯ ಕೆಳಗೆ ತಾರೀಖು. ತಾರೀಖಿಗೆ ಬಂದಾಗ ಮೃಣಾಲಿನಿಬಾಯಿ ತಡೆದರು. ಮಂಚಕ್ಕೆ ತೂಗುಹಾಕಿದ ಕಾಗದವನ್ನು ತಿರುಗಿಸಿ ನೋಡಿದರು.

"ನಿಮ್ಮನ್ನ ಇಲ್ಲಿ ತಂದದ್ದು ನವಮಿ ದಿನ," ಅಂದರು. "ಇದರ ಮ್ಯಾಲೆ ಹಿಂದಿನ ದಿನದ, ಅಷ್ಟಮಿ ತಾರೀಖು ಅದ. ಅಂದ್ರ ಕೈ ಹೋದ ದಿನ ನೀವು ಅವರ ಕೆಲಸದಾಗ ಇರಲೇ ಇಲ್ಲ. ಈ ಕಾಗದ ಯಾವಾಗ ಕೊಟ್ರು?"

"ಈಗ ರೀ, ಬಾಯಾರ," ಅಂದ ಹುಚ್ಚಪ್ಪ.

ಆಕೆ ಕಾಗದ ಮಡಚಿ ಅವನ ಎದೆಯ ಮೇಲಿಟ್ಟು ಪಕ್ಕದ ಮಂಚಕ್ಕೆ ಹೋದರು. ಅಷ್ಟರಲ್ಲಿ ಗುಡ್ಡವ್ವ ಹೊರಗಿನ ಮೆಟ್ಟಿಲ ಮೇಲಿದ್ದ ಜ್ಯಾಕನ್ನು ಸೊಂಟದ ಮೇಲೆ ಹೊತ್ತುಕೊಂಡು ಒಳಗೆ ಬಂದಳು. ಬಾಡಿದ ಹೂವಿನ ದಾರ ಇನ್ನೂ ಅದಕ್ಕೆ ಸುತ್ತಿಕೊಂಡಿತ್ತು. ಮಂಚದ ಕೆಳಗೆ ಅದನ್ನು ಇಟ್ಟು, ಕಾಗದದಲ್ಲಿ ಏನು ಬರೆದಿದ್ದಾರೆಂದು ಕೇಳಿದಳು.

"ನಾ ಛಲೋ ಡ್ರೈವರ್ ಅಂತ ಬರದಾರ," ಅಂದ ಹುಚ್ಚಪ್ಪ. "ಎರಡೂ ಕೈ ಗಟ್ಟಿ ಅದಾವ ಅಂತ ಬರದಾರ."

ಗುಡ್ಡವ್ವ ಅವನ ಬಲಗಡೆಯ ಹೊದಿಕೆಯನ್ನು ಸರಿಮಾಡಿ ಮುಚ್ಚಿದಳು.